ಎದೆಗೆ ವಿಶ್ರಾಂತಿ ಬೇಕು, ಕಾಲಿಗೆ ಬೇಡ

ಪ್ರಶ್ನೆ: ನಮ್ಮ ಮನೆ ಉಡುಪಿ ಜಿಲ್ಲೆಯ ಶಂಕರಪುರದಲ್ಲಿ. ಅಮ್ಮನಿಗೆ 71 ವರ್ಷ, ಸಕ್ಕರೆ ಕಾಯಿಲೆ ಇದೆ. ಮೇ ತಿಂಗಳಲ್ಲಿ ಮಂಗಳೂರಿನಲ್ಲಿ ಎದೆ ತೆರೆದು ಆಪರೇಷನ್ ಮಾಡಿ ಹೃದಯದ ಅಯೋರ್ಟಿಕ್ ವಾಲ್ವ್ (ಹೃದಯದಿಂದ ಮೈಗೆ ರಕ್ತ ಬಿಡುವ ಕವಾಟ) ಬದಲಾಯಿಸಿದರು. ಟಿಶ್ಯೂ ವಾಲ್ವ್ ಹಾಕಿದ್ದಾರೆ. ಈಗ ಐದು ವಾರ ಆಯಿತು. ನಾಲ್ಕು ಚಮಚ ಗಂಜಿಗಿಂತ ಜಾಸ್ತಿ ಸೇರುವುದಿಲ್ಲ. ಸಂಜೆಯಾದರೆ ಅಳುತ್ತಾರೆ. ಐಸಿಯುನಲ್ಲಿ ಗೋಡೆಯ ಮೇಲೆ ಜನ ಓಡಾಡಿದ್ದು ಕಂಡಿತ್ತಂತೆ, ಅದನ್ನು ನೆನೆಸಿಕೊಂಡು ಹೆದರುತ್ತಾರೆ. ಮುಂಬೈಯಲ್ಲಿರುವ ಅಣ್ಣ ಮೂರು ತಿಂಗಳು ಹಾಸಿಗೆಯಿಂದ ಏಳಿಸಲೇಬೇಡ ಎನ್ನುತ್ತಾನೆ. ಅಮ್ಮ ಮಾತ್ರ ಬಾವಿಯಿಂದ ನೀರು ಸೇದಿ ತುಳಸಿಗೆ ಹಾಕುತ್ತೇನೆ ಎನ್ನುತ್ತಾರೆ. ಆಪರೇಷನ್ ಆದ ಮೂರನೇ ದಿನ ಎದೆಬಡಿತ ತಪ್ಪಿತ್ತು ಎಂದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸಿಟ್ರೋಮ್ ಮಾತ್ರೆ ಕೊಟ್ಟಿದ್ದಾರೆ, ಮೂರು ತಿಂಗಳು ಎಂದಿದ್ದಾರೆ. ವಾಲ್ವ್ ಹಾಕಿಸಿಕೊಂಡ ಪಕ್ಕದ ಮನೆಯವರು ಅದನ್ನು ಜೀವನವಿಡೀ ತೆಗೆದುಕೊಳ್ಳಬೇಕು, ಸೊಪ್ಪು ಮುಟ್ಟಬಾರದು ಎನ್ನುತ್ತಾರೆ. ಯಾವುದು ಸರಿ? ಅಮ್ಮ ನಲವತ್ತು ವರ್ಷ ಮಲ್ಲಿಗೆ ಕಟ್ಟಿದವರು. ಮೊದಲಿನ ಹಾಗೆ ಆಗ್ತಾರಾ?

ಉತ್ತರ: ನಿಮ್ಮ ಅಣ್ಣನ ಮಾತಿನಿಂದಲೇ ಶುರು ಮಾಡುತ್ತೇನೆ. ಅವರು ಹೇಳುವುದು ಪ್ರೀತಿಯಿಂದ. ಆದರೆ ಅದು ಅರ್ಧ ಮಾತ್ರ ಸರಿ. ಮೂರು ತಿಂಗಳ ವಿಶ್ರಾಂತಿ ಬೇಕಾಗಿರುವುದು ಅಮ್ಮನ ಎದೆಯ ಮೂಳೆಗೆ, ಅಮ್ಮನಿಗಲ್ಲ.

ಈ ಆಪರೇಷನ್ನಿನಲ್ಲಿ ಎದೆಯ ನಡುವಿನ ಚಪ್ಪಟೆ ಮೂಳೆಯನ್ನು ಉದ್ದಕ್ಕೆ ಸೀಳುತ್ತಾರೆ. ವಾಲ್ವ್ ಕೂರಿಸಿದ ಮೇಲೆ ಆ ಮೂಳೆಯನ್ನು ಸ್ಟೀಲ್ ತಂತಿಯಿಂದ ಬಿಗಿಯುತ್ತಾರೆ. ಕೈ ಮುರಿದರೆ ಪ್ಲಾಸ್ಟರ್ ಹಾಕಿ ಅಲುಗಾಡದಂತೆ ಇಡಬಹುದು. ಎದೆಗೆ ಅದು ಆಗದು, ಉಸಿರಾಡಲೇಬೇಕಲ್ವಾ. ಹಾಗಾಗಿ ಆ ಮೂಳೆಯನ್ನು ಕಾಪಾಡುವುದು ನಮ್ಮ ಕೈಗಳ ಕೆಲಸ. ಆರರಿಂದ ಎಂಟು ವಾರದಲ್ಲಿ ಅದು ಚೆನ್ನಾಗಿ ಕೂಡಿಕೊಳ್ಳುತ್ತದೆ. ಪೂರ್ತಿ ಗಟ್ಟಿಯಾಗಲು ಸುಮಾರು 12 ವಾರ ಬೇಕು. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಇನ್ನೂ ನಿಧಾನ.

ಅಲ್ಲಿಯವರೆಗೆ ಎರಡು ಮೂರು ಕಿಲೊಗಿಂತ ಜಾಸ್ತಿ ಭಾರ ಎತ್ತಬಾರದು. ಬಾವಿಯಿಂದ ನೀರು ಸೇದುವುದು ಖಂಡಿತ ಬೇಡ. ತುಂಬಿದ ಕೊಡಪಾನ, ಸ್ನಾನದ ಬಕೆಟ್, ನೆಲ ಒರೆಸುವುದು, ಬಟ್ಟೆ ಹಿಂಡುವುದು, ಕೂತು ತೆಂಗಿನಕಾಯಿ ತುರಿಯುವುದು ಯಾವುದೂ ಬೇಡ. ಹಗ್ಗ ಎಳೆಯುವಾಗ, ಕಾಯಿ ತುರಿಯುವಾಗ ಎದೆಯ ಎರಡೂ ಬದಿಯ ಸ್ನಾಯುಗಳು ಮೂಳೆಯನ್ನು ಆ ಕಡೆ ಈ ಕಡೆ ಎಳೆಯುತ್ತವೆ. ಆದರೆ ನೀವು ನೀರು ಸೇದಿ ಒಂದು ಚೆಂಬು ತುಂಬಿ ಕೊಟ್ಟರೆ ಅಮ್ಮ ತುಳಸಿಗೆ ಹಾಕಬಹುದು. ಇವತ್ತೇ ಹಾಕಬಹುದು.

ಇನ್ನು ಕಾಲುಗಳ ವಿಷಯ. ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿ ಇರಿಸಿ ನೋಡಿದ ಒಂದು ಅಧ್ಯಯನದಲ್ಲಿ, ಅಷ್ಟರೊಳಗೆ ಕಾಲುಗಳಿಂದಲೇ ಹತ್ತಿರ ಹತ್ತಿರ 1 ಕಿಲೊ ಸ್ನಾಯು ಕರಗಿತ್ತು. ನಿಮ್ಮ ಅಮ್ಮ ಐದು ವಾರದಿಂದ ಸರಿಯಾಗಿ ಉಣ್ಣದೆ ಮಲಗಿದ್ದಾರೆ. ಈ ವಯಸ್ಸಿನಲ್ಲಿ ಹೋದ ಸ್ನಾಯು ತಾನಾಗಿ ಬರುವುದಿಲ್ಲ. ಹೊಸ ವಾಲ್ವ್ ಚೆನ್ನಾಗಿ ಕೆಲಸ ಮಾಡುತ್ತಿದ್ದರೂ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಸುಸ್ತಾಗುವವರನ್ನು ನಾನು ನೋಡುತ್ತಲೇ ಇರುತ್ತೇನೆ. ಮನೆಯವರು ಹಾರ್ಟ್ ವೀಕ್ ಎಂದುಕೊಂಡು ಇನ್ನಷ್ಟು ಮಲಗಿಸುತ್ತಾರೆ. ಅಲ್ಲಿ ವೀಕ್ ಆಗಿರುವುದು ಎಷ್ಟೋ ಸಲ ತೊಡೆ.

ಹಾಗಾಗಿ ಮೊದಲು ಏಳುವುದನ್ನು ಕಲಿಸಿ. ನಡೆಯುವುದು ಆಮೇಲೆ. ಕೈ ಇರುವ ಗಟ್ಟಿ ಕುರ್ಚಿ ತನ್ನಿ. ಸೋಫಾ ಬೇಡ, ಅದರಲ್ಲಿ ಮುಳುಗಿ ಹೋಗುತ್ತಾರೆ. ಕುರ್ಚಿಯ ಅಂಚಿಗೆ ಸರಿದು ಕೂರಲಿ. ಪಾದ ಎರಡನ್ನೂ ಮೊಣಕಾಲಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಲಿ. ಸಣ್ಣ ದಿಂಬನ್ನು ಎರಡೂ ಕೈಯಲ್ಲಿ ಎದೆಗೆ ಅಪ್ಪಿಕೊಳ್ಳಲಿ. ಈಗ ಮುಂದಕ್ಕೆ ಬಾಗಬೇಕು, ಮೂಗು ಕಾಲಿನ ಹೆಬ್ಬೆರಳಿನ ನೇರಕ್ಕೆ ಬರುವಷ್ಟು. ಅಲ್ಲಿಗೆ ಬಂದ ಮೇಲೆ ಉಸಿರು ಬಿಡುತ್ತಾ ಕಾಲಿನ ಬಲದಿಂದ ಎದ್ದು ನಿಲ್ಲಬೇಕು. ಕುರ್ಚಿಯ ಕೈಗೆ ಕೈಯೂರಿ ಮೈಯನ್ನು ಮೇಲೆತ್ತಬಾರದು. ನೀವು ರಟ್ಟೆ ಹಿಡಿದು ಎಳೆಯಲೂಬಾರದು, ಅದು ನೇರ ಎದೆಮೂಳೆಗೆ ಬೀಳುವ ಪೆಟ್ಟು. ಪಕ್ಕದಲ್ಲಿ ನಿಂತು ಸೊಂಟದ ಹತ್ತಿರ ಕೈ ಇಟ್ಟರೆ ಸಾಕು. ಮೊದಲ ದಿನ ಎರಡು ಸಲ ಎದ್ದರೂ ದೊಡ್ಡದೇ. ಒಂದು ಹೊತ್ತಿಗೆ ಐದು ಸಲ, ದಿನಕ್ಕೆ ಮೂರು ಹೊತ್ತು ಎನ್ನುವವರೆಗೆ ಬರಲಿ. ಕಷ್ಟವಾದರೆ ಕುರ್ಚಿಯ ಮೇಲೆ ದಪ್ಪ ಕಂಬಳಿ ಮಡಚಿ ಹಾಕಿ ಎತ್ತರ ಮಾಡಿ. ಕೆಮ್ಮುವಾಗ, ಸೀನುವಾಗಲೂ ಅದೇ ದಿಂಬನ್ನು ಒತ್ತಿ ಹಿಡಿಯಬೇಕು.

ಹಾಸಿಗೆಯಿಂದ ಏಳುವಾಗ ಮೊದಲು ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಟ್ಟು, ಆಮೇಲೆ ಕೂರಬೇಕು. ಕೂತು ಒಂದು ನಿಮಿಷ ಸುಮ್ನೆ ಇರಲಿ. ತಲೆ ಸುತ್ತದಿದ್ದರೆ ಏಳಲಿ.

ನಡೆಯುವುದನ್ನು ಐದೈದು ನಿಮಿಷದಿಂದ ಶುರು ಮಾಡಿ, ದಿನಕ್ಕೆ ನಾಲ್ಕು ಸಲ. ಎರಡು ಮೂರು ದಿನಕ್ಕೊಮ್ಮೆ ಒಂದೆರಡು ನಿಮಿಷ ಹೆಚ್ಚಿಸಿ. ಒಂದು ತಿಂಗಳಲ್ಲಿ 20ರಿಂದ 30 ನಿಮಿಷ ಒಟ್ಟಿಗೆ ನಡೆಯುವಂತಾದರೆ ತುಂಬ ಒಳ್ಳೆಯದು. ಅಳತೆಗೆ ಯಂತ್ರ ಬೇಡ. ಜೊತೆಯಲ್ಲಿ ನಡೆಯುತ್ತಾ ಮಾತಾಡಿಸಿ. ಒಂದು ಪೂರ್ತಿ ವಾಕ್ಯವನ್ನು ನಿಲ್ಲಿಸದೆ ಹೇಳಿದರೆ ವೇಗ ಸರಿಯಾಗಿದೆ. ನಡುವೆ ಉಸಿರು ತೆಗೆದುಕೊಳ್ಳಬೇಕಾದರೆ ನಿಧಾನ ಮಾಡಿ. ಎದೆನೋವು, ತಲೆಸುತ್ತು, ಎದೆ ಡವಡವ ಬಂದರೆ ಕೂರಿಸಿ. ಕೂತರೂ ಇಳಿಯದಿದ್ದರೆ ಆಸ್ಪತ್ರೆಗೆ ಹೊರಡಿ.

ಎಲ್ಲಿ ನಡೆಯಬೇಕು ಎನ್ನುವುದು ನಮ್ಮ ಕರಾವಳಿಯಲ್ಲಿ ಸಣ್ಣ ವಿಷಯ ಅಲ್ಲ. ಮಳೆ ಹಿಡಿದ ಮೇಲೆ ಅಂಗಳದಲ್ಲಿ ಪಾಚಿ ಕಟ್ಟುತ್ತದೆ. ಅಸಿಟ್ರೋಮ್ ತೆಗೆದುಕೊಳ್ಳುವವರು ಅಲ್ಲಿ ಜಾರಿ ಬಿದ್ದರೆ ಮೈಯೊಳಗೆ, ತಲೆಯೊಳಗೆ ರಕ್ತ ಹರಿಯಬಹುದು. ಹಾಗಾಗಿ ಈ ಮಳೆಗಾಲ ಮುಗಿಯುವವರೆಗೆ ಜಗಲಿ, ಚಾವಡಿ, ಒಳಗಿನ ಉದ್ದನೆಯ ಕೋಣೆಯೇ ಅಮ್ಮನ ರಸ್ತೆ. ತುಳಸಿಕಟ್ಟೆಯವರೆಗಿನ ದಾರಿಯ ಪಾಚಿಯನ್ನು ಉಜ್ಜಿ ತೆಗೆಸಿ, ಹಿಂದಿನವರು ಮಾಡುತ್ತಿದ್ದ ಹಾಗೆ ತೆಂಗಿನ ಮಡಲು ಹಾಸಿ. ತಲೆಗೆ ಏನೇ ಪೆಟ್ಟು ಬಿದ್ದರೂ, ಹೊರಗೆ ಏನೂ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ನಾಳೆ ನೋಡೋಣ ಎನ್ನುವುದು ಬೇಡ. ಮಳೆ ಕಡಿಮೆಯಾದ ಮೇಲೆ ಸಮತಟ್ಟಾದ ಜಾಗಕ್ಕೆ ಕರೆದುಕೊಂಡು ಹೋಗಿ. ಉಡುಪಿಯ ರಥಬೀದಿಯಲ್ಲಿ ಬೆಳಗಿನ ಹೊತ್ತು ನಡೆಯುವುದು ಹಿತ. ಮಲ್ಪೆ ಮರಳಿನಲ್ಲಿ ಈಗಲೇ ಬೇಡ, ಅಲ್ಲಿ ಪ್ರತಿ ಹೆಜ್ಜೆಗೂ ಜಾಸ್ತಿ ಶಕ್ತಿ ಬೇಕು.

ಮಲ್ಲಿಗೆಯ ಬಗ್ಗೆ ಕೇಳಿದ್ದೀರಿ. ಈ ಮಾತು ಓದಿ ನನಗೆ ಖುಷಿಯಾಯಿತು, ಯಾಕೆಂದರೆ ಇದಕ್ಕಿಂತ ಒಳ್ಳೆಯ ಮದ್ದು ನನ್ನ ಹತ್ತಿರ ಇಲ್ಲ. ಎದೆಮೂಳೆ ಕೂಡುವವರೆಗೆ ಮೊಣಕೈ ಮೈಗೆ ಹತ್ತಿರ ಇಟ್ಟುಕೊಂಡು ಕೆಲಸ ಮಾಡಿ ಎಂದು ನಾವು ಹೇಳಿಕೊಡುತ್ತೇವೆ. ಹೂ ಕಟ್ಟುವ ಕೈ ಇರುವುದೇ ಹಾಗೆ. ಮೊಗ್ಗು ಮಡಿಲಲ್ಲಿ, ಬಾಳೆನಾರು ಬೆರಳಲ್ಲಿ, ಮೊಣಕೈ ಪಕ್ಕೆಗೆ ತಾಗಿಕೊಂಡು. ನೆಲದ ಮೇಲೆ ಕೂರುವುದು ಮಾತ್ರ ಬೇಡ, ಏಳುವಾಗ ಕೈಯೂರಬೇಕಾಗುತ್ತದೆ. ಕುರ್ಚಿಯಲ್ಲಿ ಕೂರಿಸಿ, ಮೊರವನ್ನು ಎದುರಿನ ಸಣ್ಣ ಮೇಜಿನ ಮೇಲೆ ಇಡಿ. ಕಾಲು ಗಂಟೆಯಿಂದ ಶುರುವಾಗಲಿ. ಮಳೆಗಾಲದಲ್ಲಿ ಹೇಗೂ ಹೂ ಕಡಿಮೆ. ಚೆಂಡು ತುಂಬದಿದ್ದರೂ ಪರವಾಗಿಲ್ಲ. ಗಿಡದ ಹತ್ತಿರ ಹೋಗಿ ಬಾಗಿ ಬಾಗಿ ಮೊಗ್ಗು ಕೊಯ್ಯುವುದು, ಮಣ್ಣು ಕೆದಕುವುದು ಮೂರು ತಿಂಗಳು ದಾಟಿ, ಅಂಗಳ ಒಣಗಿದ ಮೇಲೆ.

ಈಗ ಊಟ ಮತ್ತು ಆ ಮಾತ್ರೆ. ಇವೆರಡನ್ನೂ ಒಟ್ಟಿಗೆ ಹೇಳಬೇಕು, ಯಾಕೆಂದರೆ ಇವು ಒಂದಕ್ಕೊಂದು ಅಂಟಿಕೊಂಡಿವೆ. ಆಪರೇಷನ್ ಆದ ಮೇಲೆ ಬಾಯಿ ರುಚಿ ಕೆಡುವುದು, ಎಲ್ಲವೂ ಕಬ್ಬಿಣದ ಹಾಗೆ ಅನಿಸುವುದು ಸಾಮಾನ್ಯ. ಹೆಚ್ಚಿನವರಿಗೆ ಎರಡು ಮೂರು ತಿಂಗಳಲ್ಲಿ ಸರಿಯಾಗುತ್ತದೆ. ಆದರೆ ಅಸಿಟ್ರೋಮ್ ಕೆಲಸ ಮಾಡುವುದು ವಿಟಮಿನ್ ಕೆ ವಿರುದ್ಧ. ಊಟ ಕಡಿಮೆಯಾದರೆ ಮೈಗೆ ಹೋಗುವ ವಿಟಮಿನ್ ಕೆ ಕೂಡ ಕಡಿಮೆಯಾಗುತ್ತದೆ. ಆಗ ಅದೇ ಮಾತ್ರೆ, ಅದೇ ಪ್ರಮಾಣದಲ್ಲಿ ರಕ್ತವನ್ನು ಬೇಕಾದ್ದಕ್ಕಿಂತ ತೆಳುವಾಗಿಸುತ್ತದೆ. ನಾಲ್ಕು ಚಮಚ ಗಂಜಿಯಲ್ಲಿ ದಿನ ಕಳೆಯುವ ನಿಮ್ಮ ಅಮ್ಮನ ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐಎನ್‌ಆರ್ ಏರಿರಬಹುದು. ಕಳೆದ ಒಂದು ವಾರದಲ್ಲಿ ಆ ರಕ್ತಪರೀಕ್ಷೆ ಮಾಡಿಸಿಲ್ಲವಾದರೆ ನಾಳೆಯೇ ಮಾಡಿಸಿ. ಅಮ್ಮನಂಥವರಿಗೆ ಅದು ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಬೇರೆ ಸಂಖ್ಯೆ ಬರೆದಿದ್ದರೆ ಅದೇ ನಿಮಗೆ ಲೆಕ್ಕ. ವಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆ, ಡಾಂಬರಿನಂಥ ಕಪ್ಪು ಮಲ ಕಂಡರೆ ಅದೇ ದಿನ ಫೋನ್ ಮಾಡಿ.

ಪಕ್ಕದ ಮನೆಯವರ ಸೊಪ್ಪಿನ ಮಾತು ಹಳೆಯ ತಪ್ಪು ತಿಳಿವಳಿಕೆ. ಬಸಳೆ, ಹರಿವೆ, ನುಗ್ಗೆ ಸೊಪ್ಪು ಬಿಟ್ಟರೆ ನಮ್ಮ ಅಡುಗೆಮನೆಯಲ್ಲಿ ಉಳಿಯುವುದೇನು? ಬಿಡಬೇಕಾಗಿಲ್ಲ, ಏರುಪೇರು ಮಾಡಬಾರದು. ವಾರದಲ್ಲಿ ಎರಡು ದಿನ ಬಸಳೆ ಮಾಡುವ ಮನೆಯಾದರೆ ಪ್ರತಿ ವಾರವೂ ಎರಡೇ ದಿನ, ಅಷ್ಟೇ ಪ್ರಮಾಣ. ಒಂದು ತಿಂಗಳು ಪೂರ್ತಿ ಬಿಟ್ಟು, ಆಮೇಲೆ ಕೆಸುವಿನ ಎಲೆಯ ಪತ್ರೊಡೆ ಸಿಕ್ಕಿತೆಂದು ಮೂರು ದಿನ ಅದನ್ನೇ ತಿಂದರೆ ಐಎನ್‌ಆರ್ ಓಲಾಡುತ್ತದೆ. ತುಳುನಾಡಿನ ಆಟಿ ತಿಂಗಳು ಬರುತ್ತಿದೆ, ಅದಕ್ಕೇ ಇನ್ನೊಂದು ಮಾತು. ಆಟಿ ಅಮಾವಾಸ್ಯೆಯ ಪಾಲೆ ಮರದ ತೊಗಟೆಯ ಕಷಾಯ ಈ ವರ್ಷ ಅಮ್ಮನಿಗೆ ಬೇಡ. ಆ ಪದ್ಧತಿಯ ಬಗ್ಗೆ ನನಗೆ ಗೌರವ ಇದೆ, ನಮ್ಮ ಮನೆಯಲ್ಲೂ ಕುಡಿಯುತ್ತೇವೆ. ಆದರೆ ಅಸಿಟ್ರೋಮ್ ಜೊತೆಗೆ ಯಾವ ಕಷಾಯವನ್ನೂ, ಯಾವ ಬೇರಿನ ಪುಡಿಯನ್ನೂ ವೈದ್ಯರನ್ನು ಕೇಳದೆ ಕೊಡಬಾರದು. ನೋವಿನ ಮಾತ್ರೆಗೂ ಇದೇ ಮಾತು. ಬೆನ್ನು, ಭುಜ ನೋಯುತ್ತದೆ ಎಂದು ಮೆಡಿಕಲ್‌ನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಬೇಡಿ. ಪ್ಯಾರಾಸಿಟಮಾಲ್ ಸಾಕು, ಅದನ್ನೂ ವೈದ್ಯರು ಹೇಳಿದಷ್ಟೇ.

ಗಂಜಿಯನ್ನು ನಾನು ಬಿಡಿಸುವುದಿಲ್ಲ. ಕುಚ್ಚಲಕ್ಕಿ ಗಂಜಿ ಹೊಟ್ಟೆಗೆ ಹಿತ. ಆದರೆ ಅದರಲ್ಲಿ ನೀರೇ ಜಾಸ್ತಿ, ಸ್ನಾಯು ಕಟ್ಟುವ ಪ್ರೊಟೀನ್ ತೀರಾ ಕಡಿಮೆ. ಅಕ್ಕಿಯ ಜೊತೆ ಒಂದು ಹಿಡಿ ಹೆಸರುಬೇಳೆ ಹಾಕಿ ಬೇಯಿಸಿ. ಮಧ್ಯಾಹ್ನ ಗಟ್ಟಿ ಮೊಸರು ಕೊಡಿ. ತಿನ್ನುವವರಾದರೆ ಬೇಯಿಸಿದ ಮೊಟ್ಟೆಯ ಬಿಳಿ, ತೆಳು ಸಾರಿನಲ್ಲಿ ಬಂಗುಡೆಯ ಒಂದು ತುಂಡು. ಮೂರು ಹೊತ್ತಿನ ಬದಲು ಆರು ಹೊತ್ತು, ಸ್ವಲ್ಪ ಸ್ವಲ್ಪ. ರುಚಿಗೆಂದು ಉಪ್ಪಿನಕಾಯಿ, ಹಪ್ಪಳ, ಒಣಮೀನು ಕೊಡುವುದೇ ನಮ್ಮಲ್ಲಿ ದೊಡ್ಡ ತಪ್ಪು. ಉಪ್ಪು ದಿನಕ್ಕೆ ಒಂದು ಟೀ ಚಮಚದೊಳಗೆ ಇರಬೇಕು, ಅಡುಗೆಯ ಉಪ್ಪೂ ಸೇರಿ. ಲಿಂಬೆಹುಳಿ, ಕೊತ್ತಂಬರಿ, ಜೀರಿಗೆ ಒಗ್ಗರಣೆಯಿಂದ ರುಚಿ ಬರಿಸಿ. ಎಳನೀರನ್ನು ಕೇಳಿಯೇ ಕೊಡಿ. ಈಗ ಕೊಡುವ ಕೆಲವು ಮಾತ್ರೆಗಳು ಪೊಟ್ಯಾಸಿಯಂ ಏರಿಸುತ್ತವೆ, ಎಳನೀರಿನಲ್ಲೂ ಅದು ಜಾಸ್ತಿ.

ಬೆಳಿಗ್ಗೆ ಶೌಚ ಮುಗಿಸಿದ ಮೇಲೆ, ಏನೂ ತಿನ್ನುವ ಮೊದಲು ತೂಕ ನೋಡಿ. ಎರಡು ಮೂರು ದಿನದಲ್ಲಿ 2 ಕಿಲೊ ಏರಿದರೆ ಅದು ಊಟದಿಂದ ಬಂದದ್ದಲ್ಲ, ನೀರು ತುಂಬಿದ್ದು. ವೈದ್ಯರಿಗೆ ತಿಳಿಸಿ.

ಮಾತ್ರೆ ಎಷ್ಟು ಕಾಲ ಎನ್ನುವುದರಲ್ಲಿ ನಿಮ್ಮ ವೈದ್ಯರೂ ಸರಿ, ಪಕ್ಕದ ಮನೆಯವರೂ ಅವರ ಮಟ್ಟಿಗೆ ಸರಿ ಇರಬಹುದು. ವಾಲ್ವ್‌ಗಳಲ್ಲಿ ಎರಡು ಬಗೆ. ಒಂದು ಪೂರ್ತಿ ಕೃತಕ, ಮೆಕ್ಯಾನಿಕಲ್ ವಾಲ್ವ್. ತುಂಬ ಕಾಲ ಬಾಳುತ್ತದೆ, ಆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟದಿರಲು ಜೀವನವಿಡೀ ಮಾತ್ರೆ ಬೇಕು. ನಮ್ಮ ದೇಶದ ಚಿತ್ರಾ ವಾಲ್ವ್ ಈ ಬಗೆಯದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರ ಮುಂದಾಳ್ತನದಲ್ಲಿ ರೂಪುಗೊಂಡು, 1990ರಲ್ಲಿ ಮೊದಲ ಸಲ ರೋಗಿಯ ಎದೆ ಸೇರಿತು. ಅವರು 1993ರಲ್ಲಿ ಮಣಿಪಾಲಕ್ಕೆ ಮೊದಲ ಕುಲಪತಿಯಾಗಿ ಬಂದರು. 2024ರಲ್ಲಿ ಮಣಿಪಾಲದಲ್ಲೇ ತೀರಿಕೊಂಡರು. ಹೊರದೇಶದ ವಾಲ್ವ್ ಕೊಳ್ಳಲಾಗದ ಎಷ್ಟೋ ಬಡವರ ಎದೆಯಲ್ಲಿ ಅವರ ಕೆಲಸ ಇವತ್ತಿಗೂ ಬಡಿಯುತ್ತಿದೆ, ಅದಕ್ಕೇ ಹೇಳಿದೆ.

ಇನ್ನೊಂದು ಬಗೆ ನಿಮ್ಮ ಅಮ್ಮನದು. ಪ್ರಾಣಿಯ ಅಂಗಾಂಶವನ್ನು ಹದಗೊಳಿಸಿ ಮಾಡಿದ್ದು. ಸಾಮಾನ್ಯವಾಗಿ 10ರಿಂದ 15 ವರ್ಷ ಬಾಳುತ್ತದೆ, ವಯಸ್ಸಾದವರಲ್ಲಿ ಸವೆಯುವುದು ಇನ್ನೂ ನಿಧಾನ. ಅದಕ್ಕೇ ಹಿರಿಯರಿಗೆ ಹೆಚ್ಚಾಗಿ ಇದನ್ನೇ ಹಾಕುತ್ತಾರೆ. ಇದಕ್ಕೆ ಕೆಲವು ತಿಂಗಳ ಮಾತ್ರೆ ಸಾಕಾಗಬಹುದು. ಆದರೆ ಅಮ್ಮನಿಗೆ ಎದೆಬಡಿತ ತಪ್ಪಿತ್ತಲ್ಲ. ವಾಲ್ವ್ ಆಪರೇಷನ್ ಆದ ಮೊದಲ ವಾರದಲ್ಲಿ ಇದು ತುಂಬ ಜನರಿಗೆ ಬರುತ್ತದೆ, ಹೆಚ್ಚಿನವರಿಗೆ ಹೋಗುತ್ತದೆ. ಹೋಗಿದೆಯೋ ಇಲ್ಲವೋ ಎಂದು ಇಸಿಜಿ ನೋಡಿ ವೈದ್ಯರು ತೀರ್ಮಾನಿಸಬೇಕು. ಮೂರು ತಿಂಗಳು ತುಂಬಿತು ಎಂದು ನೀವಾಗಿ ನಿಲ್ಲಿಸಬೇಡಿ.

ಐಸಿಯುನಲ್ಲಿ ಕಂಡದ್ದರ ಬಗ್ಗೆ ಅಮ್ಮನ ಹತ್ತಿರ ಕೂತು ಮಾತಾಡಿ. ಹಿರಿಯರಿಗೆ ದೊಡ್ಡ ಆಪರೇಷನ್ ಆದ ಮೇಲೆ ಕೆಲವು ದಿನ ಮನಸ್ಸು ಹೀಗೆ ಗೊಂದಲಕ್ಕೆ ಬೀಳುವುದು ನಮಗೆ ಚೆನ್ನಾಗಿ ಗೊತ್ತಿರುವ ವಿಷಯ. ಅರಿವಳಿಕೆ, ನೋವಿನ ಮದ್ದು, ನಿದ್ದೆ ಇಲ್ಲದ ರಾತ್ರಿ, ಹಗಲು ರಾತ್ರಿ ಗೊತ್ತಾಗದ ದೀಪ, ಕನ್ನಡಕ ಇಲ್ಲದ ಕಣ್ಣು ಎಲ್ಲ ಸೇರಿ ಹೀಗಾಗುತ್ತದೆ. ನನ್ನ ಹತ್ತಿರ ಬಂದ ಒಬ್ಬ ಅಜ್ಜಿಗೆ ಚಾವಣಿಯ ತುಂಬ ಕೆಂಪಿರುವೆ ಸಾಲು ಕಂಡಿತ್ತು. ತನಗೆ ಹುಚ್ಚು ಹಿಡಿಯಿತು ಎಂದು ನಾಚಿ, ಎರಡು ತಿಂಗಳು ಯಾರಿಗೂ ಹೇಳಿರಲಿಲ್ಲ. ಇದು ತುಂಬ ಜನರಿಗೆ ಆಗುತ್ತದೆ ಅಮ್ಮ ಎಂದಾಗ ಅವರು ನನ್ನ ಕೈ ಹಿಡಿದುಕೊಂಡು ಸುಮಾರು ಹೊತ್ತು ಬಿಡಲಿಲ್ಲ. ನಿಮ್ಮ ಅಮ್ಮನಿಗೂ ಇದನ್ನೇ ಹೇಳಿ. ಅದು ದೆವ್ವ ಅಲ್ಲ, ಹುಚ್ಚು ಅಲ್ಲ. ಈಗಲೂ ಹಗಲಲ್ಲಿ ಇಲ್ಲದ್ದು ಕಾಣುತ್ತಿದ್ದರೆ ಮಾತ್ರ ಕೂಡಲೇ ತೋರಿಸಬೇಕು.

ಸಂಜೆಯ ಅಳುವನ್ನು ಅಳಬೇಡಮ್ಮ ಎಂದು ನಿಲ್ಲಿಸಬೇಡಿ. ಮೊದಲ ಒಂದೆರಡು ತಿಂಗಳು ಮನಸ್ಸು ಕುಗ್ಗುವುದು ಇದೆ. ಆದರೆ ಇನ್ನೆರಡು ವಾರದಲ್ಲೂ ಕಡಿಮೆಯಾಗದಿದ್ದರೆ, ಯಾಕೆ ಬದುಕಿಸಿದಿರಿ ಎನ್ನುವಂಥ ಮಾತು ಬಂದರೆ ಕಾಯಬೇಡಿ. ಅದಕ್ಕೆ ಮದ್ದಿದೆ. ಕೊಡುವ ವೈದ್ಯರಿಗೆ ಅಸಿಟ್ರೋಮ್ ವಿಷಯ ಮೊದಲೇ ಹೇಳಿ. ನೋಡಲು ಬರುವ ನೆಂಟರನ್ನು ದಿನಕ್ಕೆ ಇಬ್ಬರಿಗೆ ಸೀಮಿತ ಮಾಡಿ. ಬಂದವರೆಲ್ಲ ತಮಗೆ ಗೊತ್ತಿರುವ ಆಪರೇಷನ್ ಕಥೆ ಹೇಳಿ ಹೋಗುತ್ತಾರೆ, ಅದನ್ನು ರಾತ್ರಿಯಿಡೀ ಯೋಚಿಸುವವರು ಅಮ್ಮ.

ಗಾಯದ ತುರಿಕೆ, ಸುತ್ತ ಜೋಮು, ಮೇಲ್ತುದಿಯ ಸಣ್ಣ ಉಬ್ಬು ನಿಧಾನವಾಗಿ ಹೋಗುತ್ತವೆ. ಎಣ್ಣೆ, ಪೌಡರ್ ಹಚ್ಚಬೇಡಿ. ನೀರು, ಕೀವು ಬಂದರೆ, ಕೆಮ್ಮುವಾಗ ಮೂಳೆ ಕಟಕಟ ಎಂದರೆ ತೋರಿಸಿ. ಉಸಿರಾಟ ದಿನದಿನಕ್ಕೆ ಸುಲಭವಾಗಬೇಕು. ಹಾಗಾಗದೆ ಮಲಗಿದರೆ ಉಸಿರು ಕಟ್ಟುವುದು, ಕಾಲು ಊದುವುದು ಶುರುವಾದರೆ ಶ್ವಾಸಕೋಶದ ಅಥವಾ ಹೃದಯದ ಸುತ್ತ ನೀರು ತುಂಬಿರಬಹುದು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಆಗಲೇಬೇಕು. ಮುಖ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈಯಲ್ಲಿ ಬಲ ಹೋದರೆ ಒಂದು ನಿಮಿಷವೂ ತಡ ಬೇಡ, 108ಕ್ಕೆ ಫೋನ್ ಮಾಡಿ.

ಜ್ವರದ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಈಗ ಮಾತ್ರ ಅಲ್ಲ, ಇನ್ನು ಮುಂದೆ ಎಂದೆಂದಿಗೂ. ಮಳೆಗಾಲದ ಜ್ವರ ಎಂದು ಮೆಡಿಕಲ್‌ನಿಂದ ಆಂಟಿಬಯೋಟಿಕ್ ತಂದು ಕೊಡಬೇಡಿ. ಹೊಸ ವಾಲ್ವ್‌ಗೆ ಸೋಂಕು ಅಂಟಿದರೆ ಅದು ಜೀವಕ್ಕೇ ಅಪಾಯ. ಯಾವ ಸೋಂಕು ಎಂದು ತಿಳಿಯುವುದು ರಕ್ತದ ಕಲ್ಚರ್ ಪರೀಕ್ಷೆಯಲ್ಲಿ. ಎರಡು ದಿನ ಆಂಟಿಬಯೋಟಿಕ್ ನುಂಗಿದ ಮೇಲೆ ರಕ್ತ ತೆಗೆದರೆ ಅದರಲ್ಲಿ ಏನೂ ಸಿಗದೇ ಹೋಗಬಹುದು. 100.4 ಡಿಗ್ರಿಗಿಂತ ಜಾಸ್ತಿ ಜ್ವರ ಬಂದರೆ ಆಸ್ಪತ್ರೆಗೆ ಹೋಗಿ, ವಾಲ್ವ್ ಬದಲಾಯಿಸಿದ್ದಾರೆ ಎಂದು ಮೊದಲ ಮಾತಿನಲ್ಲೇ ಹೇಳಿ. ಈ ಸೋಂಕು ಎಷ್ಟೋ ಸಲ ಬಾಯಿಯಿಂದ ಬರುತ್ತದೆ. ಅಮ್ಮನಿಗೆ ಎಲೆಅಡಿಕೆ ಅಭ್ಯಾಸ ಇದ್ದರೆ ದಯವಿಟ್ಟು ಬಿಡಿಸಿ, ವಸಡು ಹಾಳಾಗುತ್ತದೆ. ಮೆತ್ತನೆಯ ಬ್ರಷ್‌ನಲ್ಲಿ ಎರಡು ಹೊತ್ತು ಹಲ್ಲುಜ್ಜಲಿ. ಹಲ್ಲು ಕೀಳಿಸುವ, ಕ್ಲೀನ್ ಮಾಡಿಸುವ ಮೊದಲು ಒಂದು ಡೋಸ್ ಆಂಟಿಬಯೋಟಿಕ್ ಬೇಕು. ಹಲ್ಲಿನ ವೈದ್ಯರಿಗೆ ನೀವೇ ನೆನಪಿಸಿ.

ಮೊದಲಿನ ಹಾಗೆ ಆಗ್ತಾರಾ ಎಂದು ಕೇಳಿದಿರಿ. ಮೊದಲು ಎಂದರೆ ಯಾವಾಗ? ಆಪರೇಷನ್ನಿಗೆ ಹಿಂದಿನ ವರ್ಷ ನಾಲ್ಕು ಮೆಟ್ಟಿಲಿಗೆ ಏದುಸಿರು ಬರುತ್ತಿತ್ತೇ? ಹಾಗಿದ್ದರೆ ಅದಕ್ಕಿಂತ ಚೆನ್ನಾಗಿ ಆಗುತ್ತಾರೆ ಎನ್ನುವ ನಂಬಿಕೆ ನನಗಿದೆ. ಆದರೆ 71ರಲ್ಲಿ ಮೂರು ತಿಂಗಳಿಗೆ ಮುಗಿಯುವ ಲೆಕ್ಕ ಅಲ್ಲ ಇದು. ಪೂರ್ತಿ ಚೇತರಿಕೆಗೆ ಆರು ತಿಂಗಳು, ಕೆಲವರಿಗೆ ಒಂದು ವರ್ಷ ಹಿಡಿಯುತ್ತದೆ. ನಡುವೆ ಕೆಟ್ಟ ದಿನಗಳು ಬರುತ್ತವೆ. ನಿನ್ನೆ ಹತ್ತು ನಿಮಿಷ ನಡೆದವರು ಇವತ್ತು ಮೂರೇ ನಿಮಿಷಕ್ಕೆ ಕೂರಬಹುದು. ಒಂದು ದಿನ ಹಾಗಾದರೆ ಚಿಂತೆ ಬೇಡ. ಮೂರು ದಿನ ಸಾಲಾಗಿ ಹಾಗಾದರೆ ಕೇಳಿ. ರಕ್ತಹೀನತೆ ಇರಬಹುದು, ಹಿಮೋಗ್ಲೋಬಿನ್ ನೋಡಿಸಿ.

ಗೋಡೆಯ ಕ್ಯಾಲೆಂಡರನ್ನು ಇಳಿಸಿ ಅಮ್ಮನ ಕುರ್ಚಿಯ ಹತ್ತಿರ ತೂಗಿಹಾಕಿ. ದಿನದ ಚೌಕದಲ್ಲಿ ಬೆಳಗಿನ ತೂಕ, ನಡೆದ ನಿಮಿಷ, ಸಕ್ಕರೆ ನೋಡಿದ್ದರೆ ಆ ಸಂಖ್ಯೆ, ಐಎನ್‌ಆರ್ ಮಾಡಿಸಿದ ದಿನ ಅದು. ಅಸಿಟ್ರೋಮ್ ಮಾತ್ರೆ ಬೇರೆ ಬೇರೆ ಮಿಲಿಗ್ರಾಂನಲ್ಲಿ ಬರುತ್ತದೆ. ಒಂದು ದಿನ ಪೂರ್ತಿ, ಮರುದಿನ ಅರ್ಧ ಎಂದು ಕೊಟ್ಟಾಗ ಗೊಂದಲವಾಗುವುದೇ ಜಾಸ್ತಿ. ದೀಪ ಹಚ್ಚುವ ಹೊತ್ತಿಗೆ ಮಾತ್ರೆ ನುಂಗಿದ ಕೂಡಲೇ ಎಷ್ಟು ಎಂದು ಬರೆದು ಗುರುತು ಹಾಕಿ. ಒಂದು ದಿನ ಮರೆತರೆ ಮರುದಿನ ಎರಡು ಕೊಡಬೇಡಿ, ಮರೆತದ್ದನ್ನೂ ಬರೆಯಿರಿ. ನಡೆದ ನಿಮಿಷವನ್ನು ಮಾತ್ರ ಅಮ್ಮನ ಕೈಯಿಂದಲೇ ಬರೆಸಿ. ಮುಂದಿನ ತಿಂಗಳು ಎಕೋ ಮಾಡಿಸಲು ಮಂಗಳೂರಿಗೆ ಹೋಗುವಾಗ ಫೈಲ್ ಜೊತೆ ಆ ಕ್ಯಾಲೆಂಡರನ್ನೂ ಸುರುಳಿ ಸುತ್ತಿ ತೆಗೆದುಕೊಂಡು ಹೋಗಿ. ಕಾರಿನಲ್ಲಿ ಬೆಲ್ಟ್ ಹಾಕಿ, ಬೆಲ್ಟಿಗೂ ಎದೆಗೂ ನಡುವೆ ಅದೇ ಸಣ್ಣ ದಿಂಬು ಇಡಿ.